ವೈನ್ ರುಚಿ ಪರೀಕ್ಷೆ: ನಾಸಿಕ್‌ನ ದ್ರಾಕ್ಷಿ ಸೀಮೆಯಲ್ಲಿ ಎರಡು ದಿನ

ಶಿವಮೊಗ್ಗದ ಮಂಡಿಯಲ್ಲಿ ಅಡಿಕೆ ಕೊಳ್ಳುವ ವರ್ತಕರು ಚೀಲದ ಮೇಲಿನ ಬರಹವನ್ನು ನಂಬಿ ದರ ಬರೆಯುವುದಿಲ್ಲ. ಒಂದು ಹಿಡಿ ತೆಗೆದು, ಎರಡು ಅಡಿಕೆ ಒಡೆದು, ಒಳಗಿನ ಬಣ್ಣ ನೋಡಿ, ಇದು ರಾಶಿಯೋ ಬೆಟ್ಟೆಯೋ ಸರಕೋ ಎಂದು ಮನಸ್ಸಿನಲ್ಲಿ ತೀರ್ಮಾನಿಸಿದ ನಂತರವೇ ಚೀಟಿ ಬರೆಯುತ್ತಾರೆ. ಬ್ಯಾಡಗಿಯ ಮೆಣಸಿನಕಾಯಿಗೂ, ಮಂಡ್ಯದ ಬೆಲ್ಲಕ್ಕೂ ಇದೇ ಕ್ರಮ. ಕಾಫಿಯ ವಿಷಯದಲ್ಲಿಯಂತೂ ಚಮಚದಲ್ಲಿ ಸುರ್ರೆಂದು ಹೀರಿ, ಬಾಯಿತುಂಬ ಹರಡಿ, ಉಗುಳಿ ಗುಣಮಟ್ಟ ಬರೆದಿಡುವ ಪರಿಣತರ ಪರಂಪರೆಯೇ ನಮ್ಮ ರಾಜ್ಯದಲ್ಲಿದೆ. ಸರಕನ್ನು ಸರಕಾಗಿ ನೋಡುವ ಈ ಅಭ್ಯಾಸವು ವರ್ತಕರಿಗೆ ರಕ್ತಗತವಾದದ್ದು. ಹೀಗಿದ್ದೂ ವೈನ್ ಬಾಟಲಿಯೊಂದನ್ನು ಕೊಳ್ಳುವ ಪ್ರಸಂಗ ಬಂದಾಗ, ಅದು ಸ್ವಂತಕ್ಕಾಗಿರಲಿ, ವಿದೇಶಿ ಗ್ರಾಹಕರ ಸತ್ಕಾರಕ್ಕಾಗಿರಲಿ, ನಮ್ಮಲ್ಲಿ ಹೆಚ್ಚಿನವರು ಚೀಟಿಯ ಚಿತ್ತಾರವನ್ನೂ ಬೆಲೆಯನ್ನೂ ನೋಡಿ ತೀರ್ಮಾನಿಸುತ್ತಾರೆ. ಬೆಲೆ ಹೆಚ್ಚಿದ್ದರೆ ಒಳ್ಳೆಯದಿರಬೇಕು ಎಂಬ ಊಹೆಯೇ ಇಲ್ಲಿ ಪರೀಕ್ಷೆಯ ಸ್ಥಾನವನ್ನು ಆಕ್ರಮಿಸಿದೆ.

ವೃತ್ತಿ ನಿಮಿತ್ತ ನಾಸಿಕ್‌ಗೆ ಹೋಗಬೇಕಾಗಿ ಬಂದಾಗ, ಕೆಲಸ ಮುಗಿದ ಮೇಲೆ ಐವರು ಸಹೋದ್ಯೋಗಿಗಳೊಡನೆ ಇನ್ನೆರಡು ದಿನ ಉಳಿದು, ಒಂದು ದೊಡ್ಡ ವೈನರಿ ಮತ್ತು ಒಂದು ಸಣ್ಣ ವೈನರಿಯಲ್ಲಿ ರುಚಿ ನೋಡುವ ಕ್ರಮವನ್ನು ಕಲಿಯುವ ಅವಕಾಶ ದೊರೆಯಿತು. ಅಲ್ಲಿ ತಿಳಿದುಕೊಂಡ ಸಂಗತಿಗಳಲ್ಲಿ ವ್ಯಾಪಾರಸ್ಥರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಉಪಯುಕ್ತವೆಂದು ತೋರಿದ್ದನ್ನು ಇಲ್ಲಿ ನಿರೂಪಿಸುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳಿತು. ಮದ್ಯಪಾನವನ್ನು ಪ್ರೋತ್ಸಾಹಿಸುವುದು ಈ ಲೇಖನದ ಉದ್ದೇಶವಲ್ಲ. ಆರೋಗ್ಯದ ದೃಷ್ಟಿಯಿಂದ ಮದ್ಯಸಾರದ ಯಾವ ಪ್ರಮಾಣವೂ ಸಂಪೂರ್ಣ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ನಮ್ಮ ಸದಸ್ಯರಲ್ಲಿ ವ್ರತದಂತೆ ಇದರಿಂದ ದೂರವಿರುವವರು ಅನೇಕರಿದ್ದಾರೆ. ಅವರ ನಿಲುವನ್ನು ಪ್ರಶ್ನಿಸುವ ಅಗತ್ಯವಿಲ್ಲ. ಆದರೆ ರುಚಿ ನೋಡುವುದು ಬೇರೆ, ಕುಡಿಯುವುದು ಬೇರೆ. ವೃತ್ತಿಪರ ಪರೀಕ್ಷಕರು ಬಾಯಿಗೆ ಹಾಕಿದ್ದನ್ನು ಉಗುಳುತ್ತಾರೆ. ದಿನಕ್ಕೆ ಹತ್ತಾರು ಮಾದರಿ ನೋಡಬೇಕಾದವರಿಗೆ ಬೇರೆ ದಾರಿಯೂ ಇಲ್ಲ. ತಾಂಬೂಲದ ನಾಡಿನವರಾದ ನಮಗೆ ಪೀಕದಾನಿಯ ಬಗ್ಗೆ ಸಂಕೋಚ ಇರಬೇಕಾದ ಕಾರಣ ಕಾಣೆ.

ನಾಸಿಕ್ ಏಕೆ?

ಗೋದಾವರಿಯ ದಡದ ಈ ಪ್ರದೇಶ ತಿನ್ನುವ ದ್ರಾಕ್ಷಿಗೆ ಬಹುಕಾಲದಿಂದ ಹೆಸರಾಗಿದೆ. ದಿಂಡೋರಿ, ನಿಫಾಡ್ ತಾಲ್ಲೂಕುಗಳಿಂದ ಬೀಜರಹಿತ ದ್ರಾಕ್ಷಿ ಯೂರೋಪಿಗೆ ರಫ್ತಾಗುತ್ತದೆ. ವೈನಿನ ಕಥೆ ಇತ್ತೀಚಿನದು. ರಾಜೀವ್ ಸಾಮಂತ್ ಅವರು ಅಮೆರಿಕದ ಉದ್ಯೋಗ ತೊರೆದು ಬಂದು 1990ರ ದಶಕದ ಉತ್ತರಾರ್ಧದಲ್ಲಿ ಇಲ್ಲಿ ವೈನ್ ದ್ರಾಕ್ಷಿ ನೆಟ್ಟು ಸುಲಾ ಸಂಸ್ಥೆಯನ್ನು ಕಟ್ಟಿದರು. ಮೊದಲ ಬಾಟಲಿಗಳು 2000ದಲ್ಲಿ ಮಾರುಕಟ್ಟೆಗೆ ಬಂದವು. 2001ರಲ್ಲಿ ಮಹಾರಾಷ್ಟ್ರ ಸರ್ಕಾರವು ದ್ರಾಕ್ಷಿ ಸಂಸ್ಕರಣಾ ನೀತಿಯನ್ನು ಪ್ರಕಟಿಸಿ ಅಬಕಾರಿ ಸುಂಕದಲ್ಲಿ ರಿಯಾಯಿತಿ ನೀಡಿದ ಮೇಲೆ ಹತ್ತಾರು ವೈನರಿಗಳು ತಲೆಯೆತ್ತಿದವು. ನಮ್ಮ ರಾಜ್ಯವೂ 2007ರಲ್ಲಿ ಇಂಥದೇ ನೀತಿಯನ್ನು ತಂದಿತು. ದೊಡ್ಡಬಳ್ಳಾಪುರದ ಬಳಿ ನಂದಿಬೆಟ್ಟದ ತಪ್ಪಲಿನಲ್ಲಿ ಕನ್ವಲ್ ಗ್ರೋವರ್ ಅವರು ಅದಕ್ಕೂ ಎಷ್ಟೋ ಮೊದಲೇ, 1980ರ ದಶಕದ ಕೊನೆಯಲ್ಲಿ, ಫ್ರೆಂಚ್ ತಳಿಗಳನ್ನು ಬೆಳೆಸಲು ಆರಂಭಿಸಿದ್ದರು ಎಂಬುದನ್ನು ಇಲ್ಲಿ ಸ್ಮರಿಸಬೇಕು. ಆ ಸಂಸ್ಥೆಯು 2012ರಲ್ಲಿ ನಾಸಿಕ್ ಸೀಮೆಯ ಮತ್ತೊಂದು ವೈನರಿಯೊಡನೆ ವಿಲೀನಗೊಂಡಿತು.

ನಾಸಿಕ್‌ನ ವಿಶೇಷವಿರುವುದು ರುಚಿ ನೋಡುವ ಕೊಠಡಿಗಳಲ್ಲಿ. 2005ರಲ್ಲಿ ಸುಲಾ ತನ್ನ ಆವರಣದಲ್ಲಿ ಇಂಥ ಕೊಠಡಿಯನ್ನು ತೆರೆಯಿತು. ನಂತರ ಇತರರೂ ಅನುಸರಿಸಿದರು. ಇದರ ಹಿಂದಿನ ವ್ಯಾಪಾರೀ ತರ್ಕವು ಗಮನಾರ್ಹ. ವೈನಿನ ಗಿರಾಕಿ ನಮ್ಮ ದೇಶದಲ್ಲಿ ಹುಟ್ಟಿನಿಂದ ಬಂದವನಲ್ಲ, ಅವನನ್ನು ತಯಾರು ಮಾಡಬೇಕು. ಜಾಹೀರಾತಿಗೆ ಕಾನೂನಿನ ಕಟ್ಟುಪಾಡುಗಳಿವೆ. ಆದ್ದರಿಂದ ಗಿರಾಕಿಯನ್ನೇ ತೋಟಕ್ಕೆ ಕರೆಸಿ, ಮೇಜಿನ ಮುಂದೆ ನಿಲ್ಲಿಸಿ, ಅಳತೆಯ ಐದಾರು ಮಾದರಿಗಳನ್ನು ಕೊಟ್ಟು ಕಲಿಸುವುದೇ ಪ್ರಚಾರವಾಯಿತು. ಕಲಿತ ಗಿರಾಕಿ ಅಲ್ಲಿಯೇ ನಗದು ಕೊಟ್ಟು ಬಾಟಲಿ ಕೊಳ್ಳುತ್ತಾನೆ. ವಿತರಕರಿಗೆ ತಿಂಗಳುಗಟ್ಟಲೆ ಸಾಲ ಕೊಟ್ಟು ಕಾಯುವ ಸಣ್ಣ ತಯಾರಕನಿಗೆ ಈ ನಗದು ಎಂಥ ಆಸರೆ ಎಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.

ಮೇಜಿನ ಮುಂದೆ

ಸಣ್ಣ ವೈನರಿಯಲ್ಲಿ ನಮಗೆ ಕಲಿಸಿದವರು ಅಲ್ಲಿನ ವೈನ್ ತಯಾರಿಕೆಯ ಹೊಣೆ ಹೊತ್ತಿದ್ದ ಮಹಿಳೆ. ಮೇಜಿನ ಮೇಲೆ ಇದ್ದ ಸಾಮಗ್ರಿ ಅತ್ಯಲ್ಪ: ಕಾಲುಳ್ಳ ಗಾಜಿನ ಲೋಟಗಳು, ಬಿಳಿ ಕಾಗದ, ನೀರು, ಉಪ್ಪಿಲ್ಲದ ಬ್ರೆಡ್ಡಿನ ತುಂಡುಗಳು, ಒಂದು ಪೀಕದಾನಿ, ಒಂದೊಂದು ಸೀಸದ ಕಡ್ಡಿ. ಲೋಟದ ಆಕಾರಕ್ಕೂ ಅಂತರರಾಷ್ಟ್ರೀಯ ಮಾನದಂಡವೊಂದಿದೆ. 1977ರಲ್ಲಿ ನಿಗದಿಯಾದ ಆ ಲೋಟಕ್ಕೆ ಸುಮಾರು 215 ಮಿಲಿಲೀಟರ್ ಹಿಡಿಯುತ್ತದೆ, ಆದರೆ ಸುರಿಯುವುದು 50 ಮಿಲಿಲೀಟರ್ ಮಾತ್ರ. ಕೆಳಗೆ ಅಗಲ, ಮೇಲೆ ಕಿರಿದು. ಖಾಲಿ ಬಿಟ್ಟ ಆ ಜಾಗವೇ ವಾಸನೆ ನಿಲ್ಲುವ ಕೋಣೆ. ಲೋಟವನ್ನು ಕಾಲಿನಿಂದಲೇ ಹಿಡಿಯಬೇಕು. ಹೊಟ್ಟೆಯನ್ನು ಹಿಡಿದರೆ ಅಂಗೈಯ ಬಿಸಿ ವೈನಿಗೆ ತಗಲುತ್ತದೆ.

ಮೊದಲ ಪರೀಕ್ಷೆ ಕಣ್ಣಿನದು. ಲೋಟವನ್ನು ಬಿಳಿ ಕಾಗದದ ಮೇಲೆ ಓರೆಯಾಗಿ ಹಿಡಿದು ಅಂಚಿನ ಬಣ್ಣವನ್ನು ನೋಡಬೇಕು. ಬಿಳಿ ವೈನ್ ವಯಸ್ಸಾದಂತೆ ಬಣ್ಣ ಏರುತ್ತದೆ, ತಿಳಿ ಹುಲ್ಲಿನಿಂದ ಚಿನ್ನಕ್ಕೆ, ಚಿನ್ನದಿಂದ ಕಂದಿಗೆ. ಕೆಂಪು ವೈನ್ ವಯಸ್ಸಾದಂತೆ ಬಣ್ಣ ಇಳಿಯುತ್ತದೆ. ನೇರಳೆಯ ಅಂಚು ಹೋಗಿ ಇಟ್ಟಿಗೆಯ ಅಂಚು ಬರುತ್ತದೆ. ಎರಡು ವರ್ಷದ ಬಿಳಿ ವೈನ್ ಆಗಲೇ ಕಂದಿಗೆ ತಿರುಗಿದ್ದರೆ ಅದನ್ನು ಎಲ್ಲಿಯೋ ಬಿಸಿಯಲ್ಲಿ ಇಟ್ಟಿದ್ದಾರೆಂದು ಅನುಮಾನಿಸಬೇಕು. ಲೋಟವನ್ನು ತಿರುಗಿಸಿದಾಗ ಒಳಗೋಡೆಯಲ್ಲಿ ಇಳಿಯುವ ಹನಿಗಳ ಸಾಲನ್ನು ತೋರಿಸಿ ‘ನೋಡಿ, ಎಂಥ ಉತ್ತಮ ವೈನ್’ ಎನ್ನುವ ಮಾರಾಟಗಾರರಿದ್ದಾರೆ. ಆ ಹನಿಗಳು ಮದ್ಯಸಾರವು ನೀರಿಗಿಂತ ಬೇಗ ಆವಿಯಾಗುವುದರಿಂದ ಉಂಟಾಗುವಂಥವು. ಗುಣಮಟ್ಟಕ್ಕೂ ಅವಕ್ಕೂ ಸಂಬಂಧವಿಲ್ಲ.

ಎರಡನೆಯದು ಮೂಗು. ನಿಜವಾದ ಕೆಲಸವೆಲ್ಲ ಇಲ್ಲಿಯೇ. ನಾಲಗೆಗೆ ತಿಳಿಯುವ ರುಚಿಗಳು ಬೆರಳೆಣಿಕೆಯವು. ‘ಹಣ್ಣಿನ ರುಚಿ’, ‘ಮಸಾಲೆಯ ರುಚಿ’ ಎಂದು ನಾವು ಕರೆಯುವುದೆಲ್ಲ ವಸ್ತುತಃ ವಾಸನೆ. ನೆಗಡಿಯಾದಾಗ ಊಟ ಸಪ್ಪೆಯೆನಿಸುವುದು ಇದಕ್ಕೇ. ಮೊದಲು ಲೋಟವನ್ನು ಅಲುಗಿಸದೆ ಒಮ್ಮೆ ಮೂಸಬೇಕು. ಅನಂತರ ಮೇಜಿನ ಮೇಲಿಟ್ಟೇ ಎರಡು ಸುತ್ತು ತಿರುಗಿಸಿ ಮತ್ತೆ ಮೂಸಬೇಕು. ದೀರ್ಘವಾಗಿ ಎಳೆಯುವುದಕ್ಕಿಂತ ಚಿಕ್ಕ ಚಿಕ್ಕದಾಗಿ ಎರಡು ಮೂರು ಬಾರಿ ಎಳೆದರೆ ಹೆಚ್ಚು ತಿಳಿಯುತ್ತದೆ. ಮೂಗು ಬೇಗನೆ ಒಗ್ಗಿಹೋಗುವ ಇಂದ್ರಿಯ. ದಣಿದಾಗ ಸ್ವಂತ ಅಂಗಿಯ ತೋಳನ್ನು ಮೂಸಿದರೆ ಅದು ಮತ್ತೆ ಶೂನ್ಯಕ್ಕೆ ಬರುತ್ತದೆ ಎಂಬ ಸರಳ ಉಪಾಯವನ್ನೂ ಹೇಳಿಕೊಟ್ಟರು.

ವಾಸನೆಗೆ ಹೆಸರು ಕೊಡುವಲ್ಲಿ ನಮ್ಮವರು ಸೋಲುತ್ತಾರೆ. ಕಾರಣವು ಮೂಗಿನಲ್ಲಿಲ್ಲ, ಪುಸ್ತಕದಲ್ಲಿದೆ. 1984ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆ್ಯನ್ ನೋಬಲ್ ಎಂಬ ವಿಜ್ಞಾನಿ ವೈನಿನ ವಾಸನೆಗಳನ್ನೆಲ್ಲ ಒಂದು ಚಕ್ರದಲ್ಲಿ ವರ್ಗೀಕರಿಸಿದರು. ‘ಮುದ ನೀಡುವ’, ‘ಗಂಭೀರ’ ಎಂಬಂಥ ಹಾರಿಕೆಯ ಪದಗಳನ್ನು ಬಿಟ್ಟು, ತೋರಿಸಬಹುದಾದ ವಸ್ತುವಿನ ಹೆಸರನ್ನೇ ಬಳಸಿ ಎಂಬುದು ಅದರ ತತ್ತ್ವ. ತತ್ತ್ವ ಒಳ್ಳೆಯದು, ಆದರೆ ವಸ್ತುಗಳು ಅವರ ಊರಿನವು. ಬ್ಲ್ಯಾಕ್ ಕರಂಟ್ ಎಂಬ ಹಣ್ಣನ್ನು ಕಂಡೇ ಇರದವರು ಅದರ ವಾಸನೆ ಬರುತ್ತಿದೆಯೆಂದು ತಲೆಯಾಡಿಸುವುದು ಹಾಸ್ಯಾಸ್ಪದ. ನಮ್ಮ ಶಿಕ್ಷಕಿ ಹೇಳಿದ್ದು ಇಷ್ಟು: ‘ನಿಮ್ಮ ಮನೆಯ ಅಡುಗೆ ಕೋಣೆಯಿಂದ ಹೆಸರು ತನ್ನಿ.’

ತಂದೆವು. ಸಾವಿನ್ಯೋನ್ ಬ್ಲಾಂ ಎಂಬ ಬಿಳಿ ವೈನಿನಲ್ಲಿ ಸೀಬೆಹಣ್ಣು ಮತ್ತು ಆಗತಾನೆ ಹೆಚ್ಚಿದ ದೊಣ್ಣೆ ಮೆಣಸಿನಕಾಯಿ ಸಿಕ್ಕವು. ಎರಡನೆಯದು ಊಹೆಯಲ್ಲ, ದೊಣ್ಣೆ ಮೆಣಸಿನಕಾಯಿಯ ವಾಸನೆಗೆ ಕಾರಣವಾದ ಸಂಯುಕ್ತದ ವರ್ಗವೇ ಆ ದ್ರಾಕ್ಷಿಯಲ್ಲಿಯೂ ಇದೆ. ಶಿರಾಜ್ ಎಂಬ ಕೆಂಪು ವೈನಿನಲ್ಲಿ ನೇರಳೆ ಮತ್ತು ಕಾಳುಮೆಣಸು. ಕಾಳುಮೆಣಸಿನ ಈ ವಾಸನೆಯು ರೊಟಂಡೋನ್ ಎಂಬ ಒಂದೇ ಸಂಯುಕ್ತದಿಂದ ಬರುವುದೆಂದು ಆಸ್ಟ್ರೇಲಿಯದ ಸಂಶೋಧಕರು 2008ರಲ್ಲಿ ತೋರಿಸಿಕೊಟ್ಟರು; ಮಲೆನಾಡಿನ ಮೆಣಸಿನಲ್ಲಿರುವುದೂ ಅದೇ. ಆ ಅಧ್ಯಯನದಲ್ಲಿ ಭಾಗವಹಿಸಿದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಈ ವಾಸನೆ ತಿಳಿಯಲೇ ಇಲ್ಲವೆಂಬುದು ಇನ್ನೂ ಕುತೂಹಲಕರ. ಆದ್ದರಿಂದ ಪಕ್ಕದವರಿಗೆ ಸಿಕ್ಕಿದ್ದು ತನಗೆ ಸಿಗಲಿಲ್ಲವೆಂದು ಯಾರೂ ಕುಗ್ಗಬೇಕಾಗಿಲ್ಲ. ಲವಂಗ, ವೆನಿಲಾ, ಕೊಬ್ಬರಿಯ ವಾಸನೆ ಬಂದರೆ ಅದು ದ್ರಾಕ್ಷಿಯದಲ್ಲ, ವೈನ್ ಇಟ್ಟಿದ್ದ ಓಕ್ ಮರದ್ದು.

ಮೂರನೆಯದು ಬಾಯಿ. ಒಂದು ಗುಟುಕು ತೆಗೆದುಕೊಂಡು, ತುಟಿ ಕಿರಿದು ಮಾಡಿ ಸ್ವಲ್ಪ ಗಾಳಿ ಎಳೆದು, ಬಾಯಿಯ ಎಲ್ಲ ಭಾಗಕ್ಕೂ ತಲುಪಿಸಿ ಉಗುಳಬೇಕು. ಕಾಫಿ ಪರೀಕ್ಷಕರ ಸದ್ದು ಕೇಳಿದವರಿಗೆ ಇದು ಹೊಸದಲ್ಲ. ಸಿಹಿ, ಹುಳಿ, ಕಹಿ, ಗಂಟಲಿನ ಕಾವು ಇವನ್ನು ಬಿಡಿ ಬಿಡಿಯಾಗಿ ಗಮನಿಸಬೇಕು. ಕಾವು ಮದ್ಯಸಾರದ್ದು. ಕೆಂಪು ವೈನಿನಲ್ಲಿ ಒಸಡು ಮತ್ತು ಕೆನ್ನೆಯ ಒಳಭಾಗ ಬಿಗಿದಂತಾಗುವ ಅನುಭವವನ್ನು ಇಂಗ್ಲಿಷಿನಲ್ಲಿ ಪಾಠ ಹೇಳುವವರು ಬಹಳ ಕಷ್ಟಪಟ್ಟು ವಿವರಿಸುತ್ತಾರೆ. ನಮಗೆ ಕಷ್ಟವೇ ಇಲ್ಲ. ಷಡ್ರಸಗಳಲ್ಲಿ ಒಂದಾದ ಒಗರು ಅದು. ಬಾಳೆಕಾಯಿ, ನೆಲ್ಲಿಕಾಯಿ, ಎಳೆ ಅಡಿಕೆ ಅಗಿದವರೆಲ್ಲರಿಗೂ ಪರಿಚಿತ. ಮರಾಠಿಯಲ್ಲಿ ಇದಕ್ಕೆ ‘ತುರಟ’ ಎಂದು ಹೆಸರೆಂದು ಶಿಕ್ಷಕಿ ಹೇಳಿದರು. ಅಡಿಕೆ ಬೇಯಿಸಿದಾಗ ಸಿಗುವ ಚೊಗರಿನಲ್ಲಿಯೂ ಕೆಂಪು ವೈನಿನಲ್ಲಿಯೂ ಒಗರಿಗೆ ಕಾರಣ ಟ್ಯಾನಿನ್ ವರ್ಗದ ಪದಾರ್ಥಗಳೇ. ಅಡಿಕೆ ವ್ಯಾಪಾರದ ಸದಸ್ಯರು ಈ ಒಂದು ಅಂಶದಲ್ಲಿ ಯಾವ ಫ್ರೆಂಚ್ ಪರಿಣತನಿಗೂ ಹಿಂದೆ ಬೀಳಲಾರರು ಎಂಬುದು ನನ್ನ ನಂಬಿಕೆ. ಒಗರು ಎಷ್ಟಿದೆ ಎಂಬುದಕ್ಕಿಂತ ಅದು ನಯವಾಗಿದೆಯೋ ಒರಟಾಗಿದೆಯೋ ಎಂಬುದನ್ನು ನೋಡಬೇಕು.

ಹುಳಿಯ ವಿಷಯವೂ ಹಾಗೆಯೇ. ದ್ರಾಕ್ಷಿಯ ಪ್ರಧಾನ ಆಮ್ಲವಾದ ಟಾರ್ಟಾರಿಕ್ ಆಮ್ಲವೇ ನಮ್ಮ ಹುಣಸೆಹಣ್ಣಿನ ಹುಳಿ. ಕೆಂಪು ವೈನುಗಳಲ್ಲಿ ಮತ್ತು ಕೆಲವು ಬಿಳಿ ವೈನುಗಳಲ್ಲಿ, ಹಸಿ ಸೇಬಿನಲ್ಲಿರುವಂಥ ಚೂಪು ಹುಳಿಯನ್ನು ಬ್ಯಾಕ್ಟೀರಿಯಾಗಳ ಮೂಲಕ ಮೊಸರಿನ ಹುಳಿಯಾಗಿ ಪರಿವರ್ತಿಸುತ್ತಾರೆ. ಹುಣಸೆಯ ಹುಳಿಗೂ ಮೊಸರಿನ ಹುಳಿಗೂ ಇರುವ ವ್ಯತ್ಯಾಸವನ್ನು ನಮ್ಮ ಯಾವ ಗೃಹಿಣಿಯೂ ಕಣ್ಣು ಮುಚ್ಚಿ ಹೇಳಬಲ್ಲರು. ನಾಸಿಕ್‌ನಂಥ ಬಿಸಿ ಸೀಮೆಯಲ್ಲಿ ಹುಳಿಯನ್ನು ಉಳಿಸಿಕೊಳ್ಳುವುದೇ ತಯಾರಕರ ದೊಡ್ಡ ಸವಾಲು. ಯೂರೋಪಿನಲ್ಲಿ ದ್ರಾಕ್ಷಿ ಮಾಗುವುದು ಚಳಿಯತ್ತ ಸಾಗುವ ದಿನಗಳಲ್ಲಿ. ಇಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆಯೇ ಇಲ್ಲ. ಏಪ್ರಿಲ್‌ನಲ್ಲೊಮ್ಮೆ, ಮಳೆ ಮುಗಿಯುವಾಗೊಮ್ಮೆ ಎರಡು ಚಾಟ್ನಿ ಮಾಡುತ್ತಾರೆ. ವಿಜಯಪುರದ ಬೆಳೆಗಾರರಿಗೆ ಈ ಪದವೂ ಪದ್ಧತಿಯೂ ಗೊತ್ತು. ಹಣ್ಣು ಮಾಗುವುದು ಜನವರಿಯಿಂದ ಮಾರ್ಚ್‌ವರೆಗೆ, ಅಂದರೆ ಬೇಸಗೆಯತ್ತ ಸಾಗುವ ದಿನಗಳಲ್ಲಿ. ತಡವಾದಷ್ಟೂ ಸಕ್ಕರೆ ಏರಿ ಹುಳಿ ಕುಸಿಯುತ್ತದೆ. ಆದ್ದರಿಂದ ಬೆಳಗಿನ ತಂಪಿನಲ್ಲಿಯೇ ಕೊಯ್ದು ಸಾಗಿಸುವ ಧಾವಂತ. ಲೋಟದಲ್ಲಿ ಹುಳಿ ಸಪ್ಪೆಯಾಗಿ, ಕಾವು ಮಾತ್ರ ಹೆಚ್ಚಾಗಿದ್ದರೆ ಕೊಯ್ಲು ತಡವಾಗಿತ್ತೆಂದು ಊಹಿಸಬಹುದು.

ಉಗುಳಿದ ನಂತರ ವಾಸನೆ ಬಾಯಿಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆಂದು ಸೆಕೆಂಡುಗಳಲ್ಲಿ ಎಣಿಸಬೇಕು. ಫ್ರೆಂಚರು ಈ ಒಂದು ಸೆಕೆಂಡಿಗೆ ‘ಕೋದಾಲಿ’ ಎಂಬ ಪ್ರತ್ಯೇಕ ಮಾನವನ್ನೇ ಇಟ್ಟುಕೊಂಡಿದ್ದಾರೆ. ಎರಡು ಮೂರು ಎಣಿಸುವುದರೊಳಗೆ ಮಾಯವಾಗುವುದು ಸಾಧಾರಣ. ಹತ್ತರಾಚೆಗೂ ನಿಂತರೆ ಗಮನ ಕೊಡಬೇಕು. ಲೆಕ್ಕಿಗನಾದ ನನಗೆ ಇಡೀ ಪರೀಕ್ಷೆಯಲ್ಲಿ ಎಣಿಕೆಗೆ ಸಿಗುವ ಈ ಒಂದು ಅಂಶ ಹೆಚ್ಚು ಸಮಾಧಾನ ಕೊಟ್ಟಿತು.

ಇಲ್ಲಿಯೇ ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯ ಮಾತು ಬಂತು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ತಳಿಯನ್ನು ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ರೈತರು ಬೆಳೆಯುತ್ತಾರೆ. ಅದರ ಗಾಢ ಪರಿಮಳ ನಮಗೆಲ್ಲ ಬಾಲ್ಯದ್ದು. ಆದರೆ ಇದು ಅಮೆರಿಕ ಮೂಲದ ಬೇರೆಯೇ ಪ್ರಭೇದ. ಇದರ ವಿಶಿಷ್ಟ ವಾಸನೆಗೆ ಕಾರಣವಾದ ಸಂಯುಕ್ತವನ್ನೇ ದ್ರಾಕ್ಷಿ ಪೆಪ್ಪರಮಿಂಟಿಗೂ ಹಾಕುತ್ತಾರೆ. ಯೂರೋಪಿನ ಪರೀಕ್ಷಕರು ಒಣ ವೈನಿನಲ್ಲಿ ಈ ವಾಸನೆಯನ್ನು ದೋಷವೆಂದೇ ಎಣಿಸುತ್ತಾರೆ. ಗೋವೆಯ ಸಿಹಿ ‘ಪೋರ್ಟ್’ ವೈನುಗಳಿಗೆ ಇದೇ ಹಣ್ಣು ಬಳಕೆಯಾಗುತ್ತದೆ. ಇದರಲ್ಲಿ ನಮ್ಮ ಹಣ್ಣನ್ನು ಕೀಳುಗಳೆಯುವಂಥದ್ದು ಏನೂ ಇಲ್ಲ. ರಸಕ್ಕೂ ಜಾಮಿಗೂ ಅದು ಅತ್ಯುತ್ತಮ. ಯಾವ ಹಣ್ಣು ಯಾವ ಕೆಲಸಕ್ಕೆ ಎಂಬುದನ್ನು ಮೂಗು ಹೇಳುತ್ತದೆ ಅಷ್ಟೆ.

ಚೀಟಿ ಮರೆಮಾಡಿದಾಗ

ಎರಡನೆಯ ದಿನ ನಮ್ಮ ಮುಂದೆ ಮೂರು ಮೂರು ಲೋಟಗಳನ್ನಿಟ್ಟರು. ಎರಡರಲ್ಲಿ ಒಂದೇ ವೈನ್, ಒಂದರಲ್ಲಿ ಬೇರೆ. ಬೇರೆಯದನ್ನು ಗುರುತಿಸಬೇಕು. ಆಹಾರೋದ್ಯಮದಲ್ಲಿ ತ್ರಿಕೋನ ಪರೀಕ್ಷೆಯೆಂದು ಪ್ರಸಿದ್ಧವಾದ ಕ್ರಮವಿದು. ಆರು ಮಂದಿಯಲ್ಲಿ ಇಬ್ಬರು ಸರಿಯಾಗಿ ಗುರುತಿಸಿದರು, ಚಪ್ಪಾಳೆಯೂ ಆಯಿತು. ಆದರೆ ಮೂರರಲ್ಲಿ ಒಂದನ್ನು ಕಣ್ಣು ಮುಚ್ಚಿ ಆರಿಸಿದರೂ ಆರು ಮಂದಿಯಲ್ಲಿ ಸರಾಸರಿ ಇಬ್ಬರದು ಸರಿಯಾಗಲೇಬೇಕಲ್ಲವೆ? ಅಂದರೆ ಆ ಫಲಿತಾಂಶದಿಂದ ಏನೂ ಸಿದ್ಧವಾಗುವುದಿಲ್ಲ. ಇದನ್ನು ಹೇಳಿದಾಗ ಚಪ್ಪಾಳೆ ಪಡೆದ ಮಿತ್ರರಿಗೆ ಅಷ್ಟಾಗಿ ಹಿಡಿಸಲಿಲ್ಲ. ಹೊಸ ಉಪ್ಪಿನಕಾಯಿಯನ್ನೋ ಬಿಸ್ಕತ್ತನ್ನೋ ನಾಲ್ಕು ಸಂಬಂಧಿಕರಿಗೆ ತಿನ್ನಿಸಿ ‘ಎಲ್ಲರಿಗೂ ವ್ಯತ್ಯಾಸ ತಿಳಿಯಿತು’ ಎಂದು ಉತ್ಪಾದನೆಗೆ ಇಳಿಯುವ ಸಣ್ಣ ತಯಾರಕರು ಈ ತ್ರಿಕೋನ ಪರೀಕ್ಷೆಯನ್ನು ಇಪ್ಪತ್ತು ಮೂವತ್ತು ಜನರ ಮೇಲೆ ನಡೆಸಿ ನೋಡುವುದು ಉತ್ತಮ. ಖರ್ಚು ಏನೂ ಇಲ್ಲ.

ಚೀಟಿ ಮತ್ತು ಬಣ್ಣ ನಾಲಗೆಯನ್ನು ಎಷ್ಟು ಮೋಸಗೊಳಿಸುತ್ತವೆ ಎಂಬುದಕ್ಕೆ ಪ್ರಸಿದ್ಧ ಪ್ರಯೋಗಗಳಿವೆ. 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೋರ್ಡೋದ 54 ವೈನ್ ವಿದ್ಯಾರ್ಥಿಗಳಿಗೆ, ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನನ್ನು ಕೊಟ್ಟಾಗ ಅವರು ಅದನ್ನು ಕೆಂಪು ವೈನಿಗೆ ಸಲ್ಲುವ ಪದಗಳಲ್ಲಿಯೇ ವರ್ಣಿಸಿದರು. 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದೇ ವೈನನ್ನು 5 ಡಾಲರಿನದೆಂದು ಒಮ್ಮೆ, 45 ಡಾಲರಿನದೆಂದು ಇನ್ನೊಮ್ಮೆ ಹೇಳಿ ಕೊಟ್ಟಾಗ ಹೆಚ್ಚು ಬೆಲೆ ಹೇಳಿದ್ದೇ ಹೆಚ್ಚು ಇಷ್ಟವಾಯಿತು. ಮೆದುಳಿನ ಚಿತ್ರಣದಲ್ಲಿಯೂ ಸುಖಾನುಭವದ ಭಾಗ ಹೆಚ್ಚು ಚುರುಕಾಗಿದ್ದುದು ಕಂಡಿತು. ಅಂದರೆ ಜನರು ಸುಳ್ಳು ಹೇಳುತ್ತಿರಲಿಲ್ಲ, ಬೆಲೆಯೇ ರುಚಿಯಾಗಿಬಿಟ್ಟಿತ್ತು. ಆದ್ದರಿಂದಲೇ ಬರೆದಿಡುವ ಕ್ರಮಕ್ಕೆ ಮಹತ್ವ. ಬೆಲೆ ಕೇಳುವ ಮೊದಲು ನಾಲ್ಕು ಸಾಲು ಬರೆದು, ತನಗೆ ಇದು ಎಷ್ಟು ರೂಪಾಯಿಗೆ ಬೆಲೆಬಾಳುತ್ತದೆ ಎಂಬ ಅಂಕಿಯನ್ನೂ ನಮೂದಿಸಿ, ಆಮೇಲೆ ಕೇಳಬೇಕು. ನಮ್ಮ ಆರು ಜನರ ಟಿಪ್ಪಣಿಗಳನ್ನು ಸಂಜೆ ಹೋಲಿಸಿದಾಗ ಅತಿ ದುಬಾರಿ ಬಾಟಲಿಗೆ ಇಬ್ಬರು ಅತಿ ಕಡಿಮೆ ಬೆಲೆ ಬರೆದಿದ್ದರು. ಅವರಿಗೆ ಓಕ್ ಮರದ ವಾಸನೆ ಸೇರುವುದಿಲ್ಲವೆಂಬುದು ಅವರಿಗೇ ಅಂದು ಗೊತ್ತಾಯಿತು.

ಆ ಓಕ್ ವಾಸನೆಯ ಬೆಲೆಯನ್ನು ಲೆಕ್ಕ ಹಾಕಿ ನೋಡಬಹುದು. ಬೋರ್ಡೋ ಮಾದರಿಯ ಪೀಪಾಯಿಗೆ 225 ಲೀಟರ್ ಹಿಡಿಯುತ್ತದೆ, ಎಂದರೆ 300 ಬಾಟಲಿ. ಆಮದು ಮಾಡಿದ ಹೊಸ ಪೀಪಾಯಿಗೆ 75,000 ರೂಪಾಯಿ ಎಂದು ಹಿಡಿದು, ಒಂದೇ ಸಲ ಬಳಸಿದರೆ ಬಾಟಲಿಗೆ 250 ರೂಪಾಯಿ. ಮೂರು ಸಲ ಬಳಸಿದರೆ 83 ರೂಪಾಯಿ. ಮೂರನೆಯ ಸಲದಲ್ಲಿ ಮರದ ವಾಸನೆ ಬಹುಪಾಲು ಇಳಿದಿರುತ್ತದೆ. ಉಕ್ಕಿನ ತೊಟ್ಟಿಯಲ್ಲಿಯೇ ಓಕ್ ಚೂರುಗಳನ್ನು ನೆನೆಹಾಕಿದರೆ ಖರ್ಚು ಇನ್ನೂ ಅಲ್ಪ. ಗಿರಾಕಿಗೆ ವ್ಯತ್ಯಾಸ ತಿಳಿಯದಿದ್ದರೆ ತಯಾರಕ ಏಕೆ ಪೀಪಾಯಿ ಕೊಳ್ಳಬೇಕು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ದೋಷವೋ, ದಾಸ್ತಾನಿನ ತಪ್ಪೋ?

ರುಚಿ ಕಲಿತವರಿಗೆ ತತ್‌ಕ್ಷಣದ ಲಾಭವೆಂದರೆ ಕೆಟ್ಟದ್ದನ್ನು ಗುರುತಿಸುವುದು. ಮಳೆಯಲ್ಲಿ ನೆನೆದ ಗೋಣಿಚೀಲದ ವಾಸನೆ ಬಂದರೆ ಬಿರಡೆಯಿಂದ ಬಂದ ದೋಷ. ಅದಕ್ಕೆ ಕಾರಣವಾದ ಸಂಯುಕ್ತವು ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ತಿಳಿಯುತ್ತದೆ. ಸ್ಕ್ರೂ ಮುಚ್ಚಳವು ಅಗ್ಗದ ಸರಕಿನ ಲಕ್ಷಣವೆಂಬ ತಪ್ಪು ತಿಳಿವಳಿಕೆ ನಮ್ಮಲ್ಲಿದೆ. ವಾಸ್ತವದಲ್ಲಿ ಅದು ಈ ದೋಷವನ್ನು ಬಹುಮಟ್ಟಿಗೆ ತಪ್ಪಿಸುತ್ತದೆ. ಸಿರ್ಕೆಯ ಅಥವಾ ಉಗುರು ಬಣ್ಣದ ವಾಸನೆ ಬಂದರೆ ಹುದುಗಿಸುವಲ್ಲಿ ಅಥವಾ ಗಾಳಿ ತಗುಲದಂತೆ ಕಾಯುವಲ್ಲಿ ಅಜಾಗರೂಕತೆ. ತಳದಲ್ಲಿ ಸಕ್ಕರೆಯಂಥ ಹರಳು ಕಂಡರೆ ಮಾತ್ರ ಗಾಬರಿಯಾಗಬೇಕಿಲ್ಲ. ಅದು ಮೇಲೆ ಹೇಳಿದ ಹುಣಸೆ ಹುಳಿಯ ಲವಣ, ನಿರಪಾಯಕಾರಿ.

ಆದರೆ ನಮ್ಮ ದೇಶದಲ್ಲಿ ಅತಿ ಸಾಮಾನ್ಯವಾದ ದೋಷ ಬೇರೆ. ಬೆಂಗಳೂರಿನ ಅಂಗಡಿಯೊಂದರಲ್ಲಿ ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿಟ್ಟಿದ್ದ ಬಾಟಲಿಯನ್ನು ಕೊಂಡು ತೆರೆದಾಗ, ಬೇಯಿಸಿದ ಹಣ್ಣಿನ ಸಪ್ಪೆ ವಾಸನೆಯಲ್ಲದೆ ಬೇರೇನೂ ಸಿಗಲಿಲ್ಲ. ಅದೇ ವೈನನ್ನು ತಯಾರಾದ ಸ್ಥಳದಲ್ಲಿ ರುಚಿ ನೋಡಿದಾಗ ಮಾತ್ರ ಅದು ಹೇಗಿರಬೇಕಿತ್ತು ಎಂಬುದು ತಿಳಿಯಿತು. ಏಪ್ರಿಲ್, ಮೇ ತಿಂಗಳ ಲಾರಿ ಸಾಗಾಣಿಕೆ, ತಗಡಿನ ಛಾವಣಿಯ ಗೋದಾಮು, ಅಂಗಡಿಯ ಕಿಟಕಿ ಇಷ್ಟನ್ನು ದಾಟಿ ಬರುವ ಬಾಟಲಿಯ ಬಗ್ಗೆ ಗಿರಾಕಿಯ ತೀರ್ಪು ಬೀಳುವುದು ತಯಾರಕನ ಹೆಸರಿನ ಮೇಲೆ. ತಂಪು ದಾಸ್ತಾನು ಮತ್ತು ಸಾಗಾಣಿಕೆಯ ವ್ಯವಹಾರದಲ್ಲಿರುವ ನಮ್ಮ ಸದಸ್ಯರು ಇಲ್ಲೊಂದು ಅವಕಾಶವಿದೆಯೇ ಎಂದು ಪರಿಶೀಲಿಸಬಹುದು.

ಲೆಕ್ಕಪತ್ರದ ಕಡೆಯಿಂದ

ವೈನರಿಯ ವ್ಯವಹಾರ ಹೊರಗಿನಿಂದ ಕಾಣುವಷ್ಟು ರಮ್ಯವಲ್ಲ. ವರ್ಷಕ್ಕೊಮ್ಮೆ, ಎರಡು ಮೂರು ತಿಂಗಳಲ್ಲಿ ಇಡೀ ವರ್ಷದ ಕಚ್ಚಾ ಮಾಲನ್ನು ಕೊಂಡು ರೈತರಿಗೆ ಹಣ ಪಾವತಿಸಬೇಕು. ಕೆಂಪು ವೈನಾದರೆ ಮಾರಾಟಕ್ಕೆ ಬರಲು ಒಂದೆರಡು ವರ್ಷ. ಕಾರ್ಯಾಚರಣೆಯ ಆವರ್ತವೇ ಹನ್ನೆರಡು ತಿಂಗಳಿಗಿಂತ ದೀರ್ಘವಾಗಿರುವುದರಿಂದ ಕಂಪನಿ ಕಾಯಿದೆಯ ಪ್ರಕಾರ ಈ ದಾಸ್ತಾನು ಚಾಲ್ತಿ ಆಸ್ತಿಯೇ, ಆದರೆ ಬ್ಯಾಂಕಿನ ಅಧಿಕಾರಿಗೆ ಅದನ್ನು ಮನಗಾಣಿಸುವುದು ಸುಲಭವಲ್ಲ. ಸಾಮಾನ್ಯವಾಗಿ ಗೋದಾಮಿನ ವೆಚ್ಚವನ್ನು ದಾಸ್ತಾನಿನ ಮೌಲ್ಯಕ್ಕೆ ಸೇರಿಸುವಂತಿಲ್ಲ. ಉತ್ಪಾದನೆಯ ಮುಂದಿನ ಹಂತಕ್ಕೆ ಮೊದಲು ಅದು ಅಗತ್ಯವಾಗಿದ್ದರೆ ಸೇರಿಸಬಹುದೆಂದು ಲೆಕ್ಕಪತ್ರ ಮಾನದಂಡ 2 ಹೇಳುತ್ತದೆ. ಪೀಪಾಯಿಯಲ್ಲಿ ಮಾಗುತ್ತಿರುವ ವೈನ್ ಈ ವಿನಾಯಿತಿಗೆ ಪಠ್ಯಪುಸ್ತಕದ ಉದಾಹರಣೆ. ಮನುಷ್ಯರ ಸೇವನೆಗಾಗಿರುವ ಮದ್ಯವು ಸರಕು ಮತ್ತು ಸೇವಾ ತೆರಿಗೆಯ ವ್ಯಾಪ್ತಿಯಿಂದ ಸಂವಿಧಾನದಲ್ಲಿಯೇ ಹೊರಗಿರುವ ಕಾರಣ, ಬಾಟಲಿ, ಬಿರಡೆ, ಚೀಟಿ, ರಟ್ಟಿನ ಪೆಟ್ಟಿಗೆಗಳ ಮೇಲೆ ಕೊಟ್ಟ ತೆರಿಗೆಗೆ ವೈನ್ ಮಾರಾಟದಲ್ಲಿ ಹೂಡುವಳಿ ಜಮೆ ಸಿಗುವುದಿಲ್ಲ. ಅದು ನೇರವಾಗಿ ವೆಚ್ಚವಾಗುತ್ತದೆ. ಇದರ ಮೇಲೆ ಒಂದೊಂದು ರಾಜ್ಯದಲ್ಲಿಯೂ ಪ್ರತ್ಯೇಕ ಅಬಕಾರಿ ನಿಯಮ, ಪ್ರತ್ಯೇಕ ಚೀಟಿ ನೋಂದಣಿ.

ಬೇಡಿಕೆ ಕುಸಿದರೆ ಮೊದಲು ಏಟು ಬೀಳುವುದು ರೈತನಿಗೆ. ವೈನ್ ದ್ರಾಕ್ಷಿಯ ಕಾಯಿ ಚಿಕ್ಕದು, ಬೀಜ ದೊಡ್ಡದು, ಸಿಪ್ಪೆ ದಪ್ಪ. ವೈನರಿ ಕೊಳ್ಳದಿದ್ದರೆ ಸಂತೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ. 2008ರ ಜಾಗತಿಕ ಹಿಂಜರಿತ ಮತ್ತು ಅದೇ ವರ್ಷದ ಮುಂಬಯಿ ದಾಳಿಯ ನಂತರ ಹೋಟೆಲುಗಳ ಬೇಡಿಕೆ ಇಳಿದು, ತೊಟ್ಟಿಗಳಲ್ಲಿ ವೈನ್ ಉಳಿದು, ಮಹಾರಾಷ್ಟ್ರದ ಅನೇಕ ರೈತರು ತಾವು ನೆಟ್ಟ ಬಳ್ಳಿಗಳನ್ನು ಕಿತ್ತು ತಿನ್ನುವ ದ್ರಾಕ್ಷಿಗೆ ಮರಳಿದರು. ಈಗ ಇನ್ನೊಂದು ಪರೀಕ್ಷೆ ಎದುರಿದೆ. 2022ರ ಡಿಸೆಂಬರ್ 29ರಂದು ಜಾರಿಗೆ ಬಂದ ಆಸ್ಟ್ರೇಲಿಯದೊಡನೆಯ ಒಪ್ಪಂದದ ಪ್ರಕಾರ, 5 ಡಾಲರಿಗೂ ಮೇಲಿನ ಆಮದು ಬೆಲೆಯ ಬಾಟಲಿಗೆ ಶೇ. 150 ಇದ್ದ ಸುಂಕ ಶೇ. 100ಕ್ಕೆ ಇಳಿದು, ಹತ್ತು ವರ್ಷಗಳಲ್ಲಿ ಶೇ. 50ಕ್ಕೆ ಬರಲಿದೆ, 15 ಡಾಲರಿಗೂ ಮೇಲಿನದಕ್ಕೆ ಶೇ. 75ರಿಂದ ಆರಂಭವಾಗಿ ಶೇ. 25ಕ್ಕೆ. ಚೀಟಿಯನ್ನು ನೋಡಿ ಕೊಳ್ಳುವ ಗಿರಾಕಿಯು ವಿದೇಶದ ಚೀಟಿಯತ್ತ ಹೋಗುವುದು ನಿಶ್ಚಿತ. ನಾಸಿಕ್‌ನ, ನಂದಿಯ ಸಣ್ಣ ತಯಾರಕನಿಗೂ ಅವನನ್ನು ನಂಬಿದ ರೈತನಿಗೂ ಉಳಿಯುವ ಗಿರಾಕಿ ಯಾರೆಂದರೆ, ಸ್ವಂತ ನಾಲಗೆಯಿಂದ ತೀರ್ಮಾನಿಸಬಲ್ಲವನು. ರುಚಿ ನೋಡುವ ಕೊಠಡಿಯ ಖರ್ಚನ್ನು ಪ್ರವಾಸೋದ್ಯಮದ ಶೋಕಿಯೆಂದು ನಾನು ಭಾವಿಸದಿರುವುದು ಇದಕ್ಕಾಗಿಯೇ.

ಹೋಗುವವರಿಗೆ

ಜನವರಿಯಿಂದ ಮಾರ್ಚ್ ಆರಂಭದವರೆಗೆ ಕೊಯ್ಲಿನ ಕಾಲ, ತೊಟ್ಟಿಗಳು ಕುದಿಯುತ್ತಿರುವುದನ್ನು ಕಣ್ಣಾರೆ ನೋಡಬಹುದು. ವಾರಾಂತ್ಯದಲ್ಲಿ ಮುಂಬಯಿ, ಪುಣೆಯ ಜನಸಂದಣಿ ವಿಪರೀತ. ಕಲಿಯುವ ಉದ್ದೇಶದವರು ಮಂಗಳವಾರವೋ ಬುಧವಾರವೋ ಬೆಳಗ್ಗೆ ಹನ್ನೊಂದರ ಸುಮಾರಿಗೆ ಹೋಗಬೇಕು. ಲಘು ಉಪಾಹಾರ ಆಗಿರಲಿ, ಕಾಫಿ ಬೇಡ. ಸುಗಂಧ ದ್ರವ್ಯ, ಗಂಧದ ಬೊಟ್ಟು, ಮಲ್ಲಿಗೆ ಹೂ ಆ ದಿನಕ್ಕೆ ಬಿಡುವುದು ಮೇಲು. ದಿನಕ್ಕೆ ಎರಡು ವೈನರಿ ಸಾಕು. ಬಿಳಿಯಿಂದ ಕೆಂಪಿಗೆ, ಒಣದರಿಂದ ಸಿಹಿಗೆ ಎಂಬ ಕ್ರಮವನ್ನು ಮೀರದಿರಿ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕೆಂಬ ಮಾತು ಯೂರೋಪಿನ ಚಳಿ ಕೋಣೆಗಳದ್ದು. ನಮ್ಮಲ್ಲಿ 16ರಿಂದ 18 ಡಿಗ್ರಿಗೆ ತಂಪು ಮಾಡಿಸಿಕೊಳ್ಳಲು ಸಂಕೋಚ ಪಡಬಾರದು. ಬಾಡಿಗೆ ಕಾರಿನ ಚಾಲಕರಿಗೆ ಊಟ ಕೊಡಿಸಿ, ರುಚಿಯ ಲೋಟ ಕೊಡಿಸಬೇಡಿ.

ಅಷ್ಟು ದೂರ ಹೋಗಲಾಗದವರಿಗೆ ನಂದಿಬೆಟ್ಟದ ತಪ್ಪಲಿನಲ್ಲಿಯೂ, ಬೆಂಗಳೂರು–ಮೈಸೂರು ಹೆದ್ದಾರಿಯ ಚನ್ನಪಟ್ಟಣದ ಬಳಿಯೂ ಇಂಥ ಅವಕಾಶಗಳಿವೆ. ಮುಂಚಿತವಾಗಿ ದೂರವಾಣಿಯಲ್ಲಿ ವಿಚಾರಿಸಿ ಹೋಗಬೇಕು. ನಾಸಿಕ್‌ನಿಂದ ಬಾಟಲಿ ತರುವವರು ಅದರ ಮೇಲೆ ಯಾವ ರಾಜ್ಯದ ಮಾರಾಟಕ್ಕೆಂದು ಮುದ್ರಿಸಿದೆ ಎಂಬುದನ್ನು ನೋಡಿ, ಗಡಿ ದಾಟಿಸಲು ಅನುಮತಿಯಿರುವ ಪ್ರಮಾಣವನ್ನು ಎರಡೂ ರಾಜ್ಯಗಳ ಅಬಕಾರಿ ನಿಯಮಗಳಲ್ಲಿ ಖಚಿತಪಡಿಸಿಕೊಂಡು, ಖರೀದಿಯ ರಸೀದಿಯನ್ನು ಬಾಟಲಿಯ ಜೊತೆಗೇ ಇಟ್ಟುಕೊಳ್ಳತಕ್ಕದ್ದು.